ಟಾಹೊ ದಡದಲ್ಲಿ ಒಂದು ಹಗಲು

ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದಿಂದ ಮಕ್ಕಳು, ಮೊಮ್ಮಕ್ಕಳು ಕಳಿಸುವ ಫೋಟೊಗಳಲ್ಲಿ ನೀಲಿ ನೀರು, ದುಂಡು ಬಂಡೆ, ಹಿಂದೆ ಪೈನ್ ಮರಗಳಿದ್ದರೆ ಅದು ಬಹುಪಾಲು ಲೇಕ್ ಟಾಹೊ. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ನಮ್ಮ ಕನ್ನಡಿಗರಿಗೆ ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಸಿಯೆರಾ ನೆವಾಡಾ ಬೆಟ್ಟಸಾಲಿನ ಈ ಸರೋವರದ ನೀರಿನ ಮಟ್ಟವೇ ಸಮುದ್ರದಿಂದ ಸುಮಾರು 6,225 ಅಡಿ ಮೇಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗೆ ಹತ್ತಿರ ಹತ್ತಿರ! ಉದ್ದ 35 ಕಿ.ಮೀ., ಆಳ 1,645 ಅಡಿ.

ಹೆಚ್ಚಿನವರು ಹೋಗುವುದು ನೆವಾಡಾ ಬದಿಯ ಸ್ಯಾಂಡ್ ಹಾರ್ಬರ್‌ಗೆ. ಇಂಥ ಜಾಗವನ್ನು ಇಲ್ಲಿ ‘ಡೇ ಯೂಸ್’ ಎನ್ನುತ್ತಾರೆ. ಹಗಲಿಗೆ ಮಾತ್ರ, ಡೇರೆ ಹಾಕಿ ರಾತ್ರಿ ಉಳಿಯುವಂತಿಲ್ಲ. ಪಾರ್ಕಿಂಗ್ ತುಂಬಿದರೆ ಗೇಟು ಬಂದ್. ಕಾರನ್ನು ಹೆದ್ದಾರಿ ಬದಿ ನಿಲ್ಲಿಸಿ ನಡೆದು ಬರುತ್ತೇವೆಂದರೂ ಬಿಡುವುದಿಲ್ಲ. ಈಚೆಗೆ ಬೇಸಿಗೆಯ ಬೆಳಗಿನ ಪ್ರವೇಶಕ್ಕೆ ಮುಂಗಡ ಬುಕಿಂಗ್ ಕೂಡ ಬಂದಿದೆ. ಒಳಗೆ ಹೋದರೆ ಮರದ ನೆರಳು, ಊಟದ ಮೇಜು. ನಮ್ಮವರ ಬುತ್ತಿಯಲ್ಲಿ ಚಿತ್ರಾನ್ನ, ಮೊಸರನ್ನ ಇದ್ದೇ ಇರುತ್ತದೆ. ಉಳಿದದ್ದನ್ನು ಮೇಜಿನ ಮೇಲೆ ಬಿಟ್ಟು ನೀರಿಗಿಳಿಯಬಾರದು, ಸುತ್ತಲಿನ ಕಾಡಿನಲ್ಲಿ ಕರಡಿಗಳಿವೆ.

ಆದರೆ ನನಗೆ ಕರಡಿಗಿಂತ ಹೆಚ್ಚು ಭಯ ನೀರಿನದು. ಅದು ಸುತ್ತಲಿನ ಬೆಟ್ಟಗಳ ಹಿಮ ಕರಗಿ ಬಂದ ನೀರು. ಜೂನ್‌ನಲ್ಲಿ ಬಿಸಿಲು ಚುರುಗುಟ್ಟುತ್ತಿದ್ದರೂ ನೀರು 10ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಆಗಸ್ಟ್‌ನಲ್ಲೂ 20ರ ಸುತ್ತಮುತ್ತ. ಅಷ್ಟು ತಣ್ಣೀರಿಗೆ ಧುಮುಕಿದರೆ ತಡೆಯಲಾಗದಂತೆ ಉಸಿರು ಒಳಕ್ಕೆ ಎಳೆಯುತ್ತದೆ. ತಲೆ ಮುಳುಗಿದ್ದರೆ ಒಳಗೆ ಹೋಗುವುದು ನೀರು. ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಊರ ಬಾವಿಯಲ್ಲಿ ಈಜು ಕಲಿತವರ ಧೈರ್ಯ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೀರು ಎಷ್ಟು ತಿಳಿಯೆಂದರೆ ತಳ ಕೈಗೆಟುಕುವಂತೆ ಕಾಣುತ್ತದೆ. ಆಳದ ಅಂದಾಜೇ ಸಿಗುವುದಿಲ್ಲ.

ಬೆಳಿಗ್ಗೆ ಕನ್ನಡಿಯಂತಿದ್ದ ನೀರಿನ ಮೇಲೆ ಮಧ್ಯಾಹ್ನ ಗಾಳಿ ಏಳುವುದು ಮಾಮೂಲು. 2025ರ ಜೂನ್ 21ರಂದು ದಿಢೀರ್ ಬಿರುಗಾಳಿಗೆ 10 ಮಂದಿಯಿದ್ದ ದೋಣಿ ಮಗುಚಿ 8 ಜನ ಸತ್ತರು. 13 ವರ್ಷದೊಳಗಿನ ಮಕ್ಕಳು ದೋಣಿಯಲ್ಲಿ ಲೈಫ್ ಜಾಕೆಟ್ ತೊಡಲೇಬೇಕೆಂದು ಕಾನೂನಿದೆ. ದೊಡ್ಡವರು ಅದನ್ನು ಹಲಗೆಯ ಮೇಲೆ ಸುಮ್ಮನೆ ಕಟ್ಟಿಟ್ಟುಕೊಂಡು ಹೋಗುವುದನ್ನು ಕಾಣುತ್ತೇನೆ. ಬಾಡಿಗೆ ಕೊಟ್ಟು ತಂದದ್ದನ್ನು ಮೈಗೆ ಹಾಕದಿರುವುದು ಯಾವ ಉಳಿತಾಯವೋ ನಾನರಿಯೆ.

ವಿಸಿಟರ್ ವೀಸಾದಲ್ಲಿ ಬರುವ ತಂದೆತಾಯಿಗಳಿಗೊಂದು ಮಾತು. ಬಿ.ಪಿ., ಹೃದಯದ ತೊಂದರೆಯಿದ್ದವರು ಇಷ್ಟು ಎತ್ತರಕ್ಕೆ ಹೋಗುವ ಮುನ್ನ ವೈದ್ಯರನ್ನು ಕೇಳಿ, ಮಾತ್ರೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೊದಲ ದಿನ ಸ್ವಲ್ಪ ನಡೆದರೂ ಏದುಸಿರು ಬರಬಹುದು. ಪ್ರವಾಸಿ ವಿಮೆ ಕೊಳ್ಳುವಾಗ ಕಂತಿನ ಮೊತ್ತವನ್ನಷ್ಟೇ ನೋಡಬೇಡಿ. ಹಳೆಯ ಕಾಯಿಲೆಗಳ ಬಗ್ಗೆ ಏನು ಬರೆದಿದೆ ಎಂಬುದನ್ನು ಮಗನಿಂದಲೋ ಮಗಳಿಂದಲೋ ಓದಿಸಿ. ಅನೇಕ ಪಾಲಿಸಿಗಳು ಅವನ್ನು ಹೊರಗಿಡುತ್ತವೆ, ಇಲ್ಲಿ ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲು ಲಕ್ಷಗಳಲ್ಲಿ ಬರುತ್ತದೆ.

ತಿಂಗಳು ಆರಿಸಿಕೊಳ್ಳುವ ಅವಕಾಶವಿದ್ದರೆ ಸೆಪ್ಟೆಂಬರ್‌ಗೆ ಬನ್ನಿ. ಶಾಲೆಗಳು ಶುರುವಾಗಿ ಜನ ಕಡಿಮೆಯಾಗಿರುತ್ತಾರೆ, ನೀರು ಬೇಸಿಗೆಯ ಬಿಸುಪನ್ನು ಇನ್ನೂ ಉಳಿಸಿಕೊಂಡಿರುತ್ತದೆ. ಸಂಜೆಗೊಂದು ಸ್ವೆಟರ್ ಮಾತ್ರ ಮರೆಯದೆ ತನ್ನಿ.