ನಿಜಾಮನ ಬಾವುಟದಡಿ ಕಾದಾಡಿದವರ ನೆನಪು

ಪೆಸಿಫಿಕ್ ಯುದ್ಧ ಪರ್ಲ್ ಹಾರ್ಬರಿನಲ್ಲಿ ಆರಂಭವಾಯಿತೆಂಬುದು ರೂಢಿಯ ಮಾತಾದರೂ, ಅದಕ್ಕಿಂತ ಗಂಟೆಯಷ್ಟು ಮೊದಲೇ ಮಲಯಾದ ಈಶಾನ್ಯ ಕರಾವಳಿಯ ಕೋಟಾ ಬಾರುವಿನಲ್ಲಿ ಜಪಾನಿ ಪಡೆಗಳು ದಡಕ್ಕಿಳಿದಿದ್ದವು. ಸ್ಥಳೀಯ ಲೆಕ್ಕದಲ್ಲಿ ಅದು 1941ರ ಡಿಸೆಂಬರ್ 8ರ ನಡುರಾತ್ರಿ. ಅಲ್ಲಿನ ವಿಮಾನ ನೆಲೆಯ ಕಾವಲಿಗಿದ್ದುದು ಒಂದನೆಯ ಹೈದರಾಬಾದ್ ಇನ್‌ಫೆಂಟ್ರಿ, ಅಂದರೆ ನಿಜಾಮ ಸಂಸ್ಥಾನದ ಕಾಲಾಳು ಪಡೆ. ಕಲ್ಯಾಣಿ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಬಸವಕಲ್ಯಾಣವೂ ಪಕ್ಕದ ಹುಮನಾಬಾದೂ ಆಗ ಆ ಸಂಸ್ಥಾನದ ಆಳ್ವಿಕೆಯಲ್ಲಿದ್ದವು.

ಪರ್ಲ್ ಹಾರ್ಬರಿನ ಮೇಲಿನ ದಾಳಿಯಿಂದಾಗಿ ಸಾಗರದಾಚೆ ಬೇರೊಂದು ಸಮುದಾಯ ಸಂಶಯಕ್ಕೆ ಗುರಿಯಾಯಿತು. ಅಮೆರಿಕದಲ್ಲಿ ನೆಲೆಸಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಹೆಚ್ಚಿನವರು ಅಲ್ಲಿಯೇ ಹುಟ್ಟಿದ ನಾಗರಿಕರಾಗಿದ್ದರೂ, 1942ರ ಅಧ್ಯಕ್ಷೀಯ ಆದೇಶದ ಮೇರೆಗೆ ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ‘ನಿಸೇ’ ಎಂದು ಹೆಸರಾದ ಅವರ ಎರಡನೆಯ ತಲೆಮಾರಿನ ಯುವಕರಿಂದಲೇ ಕಟ್ಟಿದ 442ನೆಯ ರೆಜಿಮೆಂಟು ಇಟಲಿ ಮತ್ತು ಫ್ರಾನ್ಸಿನಲ್ಲಿ ಹೋರಾಡಿತು. 1944ರ ಅಕ್ಟೋಬರಿನಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಜರ್ಮನ್ ಮುತ್ತಿಗೆಗೆ ಸಿಕ್ಕಿದ್ದ 211 ಅಮೆರಿಕನ್ ಸೈನಿಕರನ್ನು ಬಿಡಿಸಲು ಹೋಗಿ, ಬಿಡಿಸಿದವರ ಹಲವು ಪಟ್ಟು ಸಂಖ್ಯೆಯಲ್ಲಿ ತನ್ನವರ ಸಾವುನೋವನ್ನು ಅನುಭವಿಸಿತು. ಗೌರವ ಮಾತ್ರ ನಿಧಾನವಾಗಿ ಬಂದಿತು. ಶಿಬಿರವಾಸಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ಈ ಪಡೆಯ 20 ಸೈನಿಕರ ಹಳೆಯ ಪದಕಗಳನ್ನು ಅಲ್ಲಿನ ಅತ್ಯುನ್ನತ ಶೌರ್ಯ ಪದಕಕ್ಕೆ ಏರಿಸಿದ್ದು 2000ದಲ್ಲಿ, ಅಂದರೆ ಅವರಲ್ಲಿ ಬಹುಪಾಲು ಜನ ತೀರಿಕೊಂಡ ಮೇಲೆ. ಸಂಸತ್ತಿನ ಚಿನ್ನದ ಪದಕ ಕೈಸೇರಿದ್ದು 2011ರಲ್ಲಿ. ತಡವಾದರೂ ಅದು ಸಾಧ್ಯವಾದದ್ದಕ್ಕೆ ಒಂದು ಕಾರಣ ಸ್ಪಷ್ಟವಾಗಿದೆ: ಸಂಶಯಪಟ್ಟ ಸರ್ಕಾರವೇ ಉಳಿದುಕೊಂಡಿತ್ತು, ಅದರ ಬಾಗಿಲಿಗೆ ಹೋಗಿ ಕೇಳುವ ಮಕ್ಕಳು ಮೊಮ್ಮಕ್ಕಳಿದ್ದರು.

ನಿಜಾಮನ ಸೈನಿಕರ ಪಾಲಿಗೆ ಆ ಬಾಗಿಲೇ ಉಳಿಯಲಿಲ್ಲ. ಹಾಗೆಂದು ಅವರಿಗೆ ಮನ್ನಣೆಯೇ ಇರಲಿಲ್ಲವೆನ್ನುವಂತಿಲ್ಲ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ 1922ರಲ್ಲಿ ನಿಲ್ಲಿಸಿದ, ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್ ಮಾಡಿದ ಮೂರು ಕಂಚಿನ ಪ್ರತಿಮೆಗಳು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಲ್ಯಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರ ಪಡೆಗಳನ್ನು ಪ್ರತಿನಿಧಿಸುತ್ತವೆ. ಇವು ‘ಇಂಪೀರಿಯಲ್ ಸರ್ವೀಸ್’ ಪಡೆಗಳು: ಸಂಸ್ಥಾನದ ಖರ್ಚಿನಲ್ಲಿ ಸಾಕಿ, ಬ್ರಿಟಿಷರ ಯುದ್ಧಕ್ಕೆ ಕಳಿಸಿಕೊಡುತ್ತಿದ್ದಂಥವು. 1914ರ ಕೊನೆಗೆ ಸುಯೆಜ್ ಕಾಲುವೆಯ ಕಾವಲಿಗೆ ಹೋದ, ಈ ಮೂರೂ ಪಡೆಗಳಿದ್ದ ದಳ ನಾಲ್ಕು ವರ್ಷ ಮರಳುಗಾಡಿನಲ್ಲಿ ಕಳೆದು, 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಆ ದಿನ ಕುದುರೆ ಓಡಿಸಿ ನುಗ್ಗಿದವರು ಜೋಧಪುರ ಮತ್ತು ಮೈಸೂರಿನ ಸವಾರರು. ಹೈದರಾಬಾದಿನವರನ್ನು ಅದಕ್ಕೂ ಮುಂಚೆ ಸೆರೆಯಾಳುಗಳನ್ನು ಸಾಗಿಸಲು ಬೇರೆ ಕಡೆ ಕಳಿಸಲಾಗಿತ್ತು. ಸೆರೆಯಾಳು ಕಾಯುವುದೂ ಯುದ್ಧದ ಕೆಲಸವೇ, ಆದರೆ ಅದರ ಮೇಲೆ ಲಾವಣಿ ಕಟ್ಟುವವರಿಲ್ಲ. ಮೈಸೂರು ಸವಾರರಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ಅವರ ಕಥೆ ಕನ್ನಡದ ಕಥೆಯೂ ಆಗಿದೆ. ಹೈದರಾಬಾದ್ ಸವಾರರನ್ನು ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರು ತಮ್ಮವರೆಂದು ಎಣಿಸಿದ್ದು ಕಡಿಮೆ.

ಕೋಟಾ ಬಾರುವಿನ ಕಾಲಾಳುಗಳ ಸ್ಥಿತಿ ಇನ್ನೂ ಕಷ್ಟದ್ದು. ವಿಮಾನ ನೆಲೆಯನ್ನು ಕೈಬಿಡುವ ಗೊಂದಲದಲ್ಲಿ ಅವರ ದಳಪತಿಯೇ ಹತನಾದ. ಎರಡು ತಿಂಗಳಲ್ಲಿ ಸಿಂಗಾಪುರವೂ ಬಿದ್ದು, ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಸೋಲಿನಲ್ಲಿ ಸತ್ತವರನ್ನು ನೆನೆಯಲು ಗೆದ್ದವರನ್ನು ನೆನೆಯುವುದಕ್ಕಿಂತ ಹೆಚ್ಚಿನ ಮನಸ್ಸು ಬೇಕಾಗುತ್ತದೆ.

ಈ ಮರೆವಿಗೆ 1948 ಇನ್ನಷ್ಟು ದಪ್ಪ ಪರದೆ ಎಳೆಯಿತು. ಆ ವರ್ಷದ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ನಿಜಾಮ ಸಂಸ್ಥಾನದೊಳಕ್ಕೆ ನುಗ್ಗಿದ ಭಾರತೀಯ ಸೇನೆ ನಳದುರ್ಗ, ಉಮರ್ಗಾ ದಾಟಿ, ಬಸವಕಲ್ಯಾಣ ತಾಲೂಕಿನ ರಾಜೇಶ್ವರ ಮತ್ತು ಹುಮನಾಬಾದ್ ಮಾರ್ಗವಾಗಿ ಜಹೀರಾಬಾದಿನತ್ತ ಸಾಗಿತು. ಇಂದು ಸೊಲ್ಲಾಪುರದಿಂದ ಹೈದರಾಬಾದಿಗೆ ಬಸ್ಸು ಹಿಡಿದವರು ಸಾಗುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಐದು ದಿನಗಳಲ್ಲಿ ಎಲ್ಲವೂ ಮುಗಿದು, ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ಶರಣಾದ ಹೈದರಾಬಾದಿನ ಸೇನಾಪತಿ ಎಲ್ ಎಡ್ರೂಸ್, ಮೊದಲ ಮಹಾಯುದ್ಧದಲ್ಲಿ ಇದೇ ಲ್ಯಾನ್ಸರ್ಸ್ ಪಡೆಯಲ್ಲಿದ್ದವರು. ಸಂಸ್ಥಾನದ ಜೊತೆಗೆ ಅದರ ಸೈನ್ಯವೂ ಇತಿಹಾಸಕ್ಕೆ ಸರಿಯಿತು.

ಆ ಕಾಲದ ಬೀದರ್ ಸೀಮೆಯ ಜನರ ಮನಸ್ಸಿನಲ್ಲಿ ಉಳಿದದ್ದು ರಜಾಕಾರರ ಹಾವಳಿ. ರಜಾಕಾರರೆಂದರೆ ಕಾಸಿಂ ರಜ್ವಿಯ ಮುಂದಾಳತ್ವದ ಖಾಸಗಿ ಪಡೆ. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ಅವರು ನಡೆಸಿದ ಹತ್ಯಾಕಾಂಡದ ಹುತಾತ್ಮರಿಗೆ ಆ ಊರಿನಲ್ಲೇ ಸ್ಮಾರಕ ಕಟ್ಟಿ 2023ರ ಮಾರ್ಚಿನಲ್ಲಿ ಉದ್ಘಾಟಿಸಲಾಗಿದೆ, ಅದು ಸರಿಯಾಗಿಯೇ ಆಗಿದೆ. ಆದರೆ ರಜಾಕಾರನೂ ನಿಜಾಮನ ಸಂಬಳದ ಸಿಪಾಯಿಯೂ ಒಂದೇ ಅಲ್ಲ. ಸಿನಾಯ್ ಮರಳಿನಲ್ಲೋ ಮಲಯಾದ ಕಾಡಿನಲ್ಲೋ ಸತ್ತವನಿಗೆ ಗೋರ್ಟಾದ ರಕ್ತದ ಹೊಣೆ ಹೊರಿಸಲಾಗದು. ಜಪಾನಿ ಮುಖದ ಅಮೆರಿಕನ್ ಸೈನಿಕನನ್ನು ಶತ್ರುವಿನಿಂದ ಬೇರ್ಪಡಿಸಿ ನೋಡಲು ಅಮೆರಿಕ ಕಲಿಯಬೇಕಾಗಿ ಬಂದ ಪಾಠವೂ ಇಂಥದ್ದೇ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೂ ಸೆಪ್ಟೆಂಬರ್ 23ರ ಹೈಫಾ ದಿನಕ್ಕೂ ನಡುವೆ ಒಂದು ವಾರವೂ ಇಲ್ಲವಾದರೂ, ಮೊದಲನೆಯದರ ವೇದಿಕೆಯಲ್ಲಿ ಎರಡನೆಯದರ ಮಾತು ಏಳುವುದು ಅಪರೂಪ.

ಹುಡುಕುವವರಿಗೆ ದಾರಿಯಂತೂ ಮುಚ್ಚಿಲ್ಲ. ಎರಡೂ ಮಹಾಯುದ್ಧಗಳಲ್ಲಿ ಮಡಿದವರ ದಾಖಲೆ ಇಡುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಗಳು ಎಲ್ಲರಿಗೂ ತೆರೆದಿವೆ. ಸಿಂಗಾಪುರದ ಕ್ರಾಂಜಿಯಲ್ಲಿ ಸಮಾಧಿಯೂ ಸಿಗದೆ ಹೋದ 24,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಗೋಡೆಗಳ ಮೇಲೆ ಕೊರೆಯಲಾಗಿದೆ. ಭಾರತೀಯ ಸೈನಿಕರ ವಿಷಯದಲ್ಲಿ ಈ ಪಟ್ಟಿಗಳು ಹಲವು ಕಡೆ ತಂದೆಯ ಹೆಸರು, ಊರು, ಜಿಲ್ಲೆಗಳನ್ನೂ ಕೊಡುತ್ತವೆ. ಬೀದರ್ ಸೀಮೆಯ ಊರುಗಳ ಹೆಸರು ಬಲ್ಲ ಕಾಲೇಜು ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದಿಟ್ಟ ಆ ಹೆಸರುಗಳನ್ನು ಸರಿಯಾಗಿ ಓದಿಕೊಳ್ಳಬಲ್ಲ.