ನೀರಿನ ನಂಜು ಹೇಳುವ ಜೀವಕೋಶ

ತುಮಕೂರಿನ ಶಿರಾ ಗೇಟ್ ಕಡೆಯ ಅಮಾನಿಕೆರೆಯಂತಹ ಊರ ಕೆರೆಯ ನೀರನ್ನು ಪರೀಕ್ಷೆಗೆ ಕೊಟ್ಟರೆ ಪ್ರಯೋಗಾಲಯವು ಗಡಸುತನ, ನೈಟ್ರೇಟ್, ಫ್ಲೋರೈಡ್, ಸೀಸ ಎಂದು ಒಂದೊಂದರ ಪ್ರಮಾಣವನ್ನೂ ಅಳೆದು ಬರೆದುಕೊಡುತ್ತದೆ. ಆದರೆ ಹುಡುಕಬೇಕೆಂದು ಮೊದಲೇ ತೀರ್ಮಾನಿಸಿದ ವಸ್ತುಗಳಷ್ಟೇ ಆ ವರದಿಯಲ್ಲಿ ಕಾಣಿಸುತ್ತವೆ. ಗ್ಯಾರೇಜಿನ ಎಣ್ಣೆ, ಸೋಪಿನ ನೊರೆ, ತೋಟದ ಔಷಧಿ ಇವೆಲ್ಲ ಸೇರಿದ ನೀರಿನಲ್ಲಿ ಒಂದೊಂದೂ ಮಿತಿಯೊಳಗೇ ಇದ್ದು, ಕೂಡಿದಾಗ ಮಾತ್ರ ನಂಜಾಗುವ ಸಂಭವವಿದ್ದರೆ ಅದನ್ನು ವರದಿ ಹೇಳಲಾರದು.

ಈ ಕೊರತೆಯನ್ನು ತುಂಬಲು ಜೀವಕೋಶದ ನೆರವು ಪಡೆಯಬಹುದು. ಜೀವಮೂಲದ ವಸ್ತುವೊಂದನ್ನು ವಿದ್ಯುದ್ವಾರಕ್ಕೆ ಜೋಡಿಸಿ, ಅದರಲ್ಲಾಗುವ ಬದಲಾವಣೆಯನ್ನು ವಿದ್ಯುತ್ ಸಂಕೇತವಾಗಿ ಓದುವ ಸಾಧನಕ್ಕೆ ವಿದ್ಯುದ್ರಾಸಾಯನಿಕ ಜೈವಿಕ ಸಂವೇದಕ ಎಂದು ಹೆಸರು. ಆಹಾರದಲ್ಲಿನ ಕೀಟನಾಶಕಗಳನ್ನು ಪತ್ತೆಹಚ್ಚುವ ಜೈವಿಕ ಸಂವೇದಕಗಳ ಬಗ್ಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ಎಂ.ಎಸ್. ಠಾಕೂರ್ ಮತ್ತು ಸಂಗಡಿಗರು ಕೆಲಸ ಮಾಡಿದ್ದಾರೆ. ಸಾಮಾನ್ಯವಾಗಿ ಇಂತಹ ಸಾಧನದಲ್ಲಿ ಒಂದು ಕಿಣ್ವವಿರುತ್ತದೆ, ಅದು ತನಗೆ ಗುರುತಿರುವ ವಿಷವನ್ನಷ್ಟೇ ಹಿಡಿಯುತ್ತದೆ; ಕಿಣ್ವದ ಜಾಗದಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಇಡೀ ಜೀವಕೋಶವನ್ನೇ ಕೂರಿಸಿದರೆ, ಪೆಟ್ಟು ಎಲ್ಲಿಂದ ಬಿದ್ದರೂ ಅದು ಸ್ಪಂದಿಸುತ್ತದೆ.

ಇಂತಹ ಜೀವಕೋಶ ಸಂವೇದಕದ ಪ್ರಸಿದ್ಧ ರೂಪವನ್ನು 1984ರಲ್ಲಿ ಪ್ರಕಟಿಸಿದವರು ಚಾರ್ಲ್ಸ್ ಕೀಸ್ ಮತ್ತು 1973ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದಿದ್ದ ಐವಾರ್ ಗೇವರ್. ಕೋಶ ಬೆಳೆಸುವ ತಟ್ಟೆಯ ತಳದಲ್ಲಿ ಕಾಲು ಮಿಲಿಮೀಟರ್ ಅಗಲದ ಚಿನ್ನದ ಚುಕ್ಕೆ, ಅದರ ಮೂಲಕ ಕೋಶಕ್ಕೆ ನೋವಾಗದಷ್ಟು, ಸುಮಾರು ಒಂದು ಮೈಕ್ರೊಆಂಪಿಯರ್‌ನ ಎ.ಸಿ. ವಿದ್ಯುತ್. ಕೋಶದ ಪೊರೆ ವಿದ್ಯುತ್ತನ್ನು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ ಕೋಶಗಳು ಚುಕ್ಕೆಯ ಮೇಲೆ ಕುಳಿತು ಹರಡಿಕೊಂಡಂತೆಲ್ಲ ಇಂಪಿಡೆನ್ಸ್, ಅಂದರೆ ಎ.ಸಿ. ವಿದ್ಯುತ್ತಿಗೆ ಎದುರಾಗುವ ಒಟ್ಟು ಅಡ್ಡಿ, ಏರುತ್ತಾ ಹೋಗುತ್ತದೆ. ಕುತೂಹಲದ ಸಂಗತಿಯೆಂದರೆ ಏರಿ ನಿಂತ ಮೇಲೂ ಅದನ್ನು ದಾಖಲಿಸುವ ಗೆರೆ ನೇರವಾಗುವುದಿಲ್ಲ, ಸಣ್ಣಗೆ ಅದುರುತ್ತಲೇ ಇರುತ್ತದೆ. ಬದುಕಿರುವ ಕೋಶಗಳು ಅಂಟಿಕೊಂಡ ಜಾಗದಲ್ಲೇ ಸದಾ ಮಿಸುಕಾಡುವುದೇ ಅದಕ್ಕೆ ಕಾರಣ. ವಿಷ ತಗುಲಿದ ಕೋಶದ ಮಿಸುಕಾಟ ಅಡಗುತ್ತದೆ, ಅದು ಮುದುಡಿ ಉಂಡೆಯಾಗಿ ತಳದಿಂದ ಕಳಚಿಕೊಳ್ಳುತ್ತದೆ, ಗೆರೆ ಕುಸಿಯುತ್ತದೆ.

ಮನುಷ್ಯನ ಕೋಶಗಳಿಗೆ 37 ಡಿಗ್ರಿ ಶಾಖವೂ ಹೆಚ್ಚಿನ ಆರೈಕೆಯೂ ಬೇಕಾಗುವುದರಿಂದ ಅವು ಪ್ರಯೋಗಾಲಯದ ಹೊಸ್ತಿಲು ದಾಟುವುದು ಕಷ್ಟ. ಈ ತೊಡಕಿಗೆ ಉತ್ತರ ಸಿಕ್ಕಿದ್ದು ರೇನ್‌ಬೋ ಟ್ರೌಟ್ ಮೀನಿನ ಕಿವಿರಿನಿಂದ ಬೆಳೆಸಿದ ಕೋಶಗಳಲ್ಲಿ: ತಣ್ಣೀರಿನ ಮೀನಿನ ಈ ಕೋಶಗಳನ್ನು ವಿದ್ಯುದ್ವಾರಗಳಿರುವ ಚಿಪ್‌ನ ಮೇಲೆ ಕೂರಿಸಿ ಸುಮಾರು 6 ಡಿಗ್ರಿಯಲ್ಲಿಟ್ಟರೆ ತಿಂಗಳುಗಟ್ಟಲೆ ಬದುಕಿರುತ್ತವೆ. ಕುಡಿಯುವ ನೀರಿನ ತಪಾಸಣೆಗಾಗಿ ಅಮೆರಿಕದ ಸೇನೆ ಹೊತ್ತೊಯ್ಯಬಹುದಾದ ಉಪಕರಣವನ್ನು ರೂಪಿಸಿದ್ದು ಇವನ್ನೇ ನಂಬಿ. ಇದೇ ಕೋಶಗಳಿಗೆ ಹೊಳೆಯುವ ಬಣ್ಣಗಳನ್ನು ಬಳಸುವ ಇನ್ನೊಂದು ವಿಧಾನಕ್ಕೆ 2021ರಲ್ಲಿ ರಾಸಾಯನಿಕಗಳ ಪರೀಕ್ಷೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ ಮಾನ್ಯತೆಯೂ ದೊರೆತಿದೆ.

ಹಾಗೆಂದು ನೀರನ್ನು ನೇರವಾಗಿ ಸುರಿಯುವಂತಿಲ್ಲ. ಬರಿಯ ಸಿಹಿನೀರು ಕೋಶದೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ, ಆದ್ದರಿಂದ ಪೋಷಕ ಲವಣಗಳ ಪುಡಿಯನ್ನು ಮೊದಲು ಬೆರೆಸಬೇಕು. ಬುಗುಡನಹಳ್ಳಿ ಕೆರೆಯಿಂದ ಶುದ್ಧೀಕರಣಗೊಂಡು ತುಮಕೂರಿನ ನಲ್ಲಿಗೆ ಬರುವ ಹೇಮಾವತಿ ನೀರೇ ಆದರೂ ಅದರಲ್ಲಿ ಉಳಿದ ಕ್ಲೋರಿನ್ನನ್ನು ತೆಗೆಯದಿದ್ದರೆ, ರೋಗಾಣುವನ್ನು ಕೊಲ್ಲುವ ಮದ್ದೇ ಕೋಶವನ್ನೂ ಕೆಡಿಸಿ ಸುಳ್ಳು ಎಚ್ಚರಿಕೆ ಕೊಟ್ಟೀತು. ಗೆರೆ ಕುಸಿದರೂ ನಂಜು ಯಾವುದೆಂದು ತಿಳಿಯದು, ಅದಕ್ಕೆ ಮತ್ತೆ ರಾಸಾಯನಿಕ ಪರೀಕ್ಷೆಯೇ ಗತಿ.

ಇದೇ ಜಿಲ್ಲೆಯ ಪಾವಗಡದ, ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಗಳ ವಿಷಯದಲ್ಲಂತೂ ಈ ಸಾಧನವನ್ನು ನೆಚ್ಚಿಕೊಳ್ಳುವುದು ತಪ್ಪಾದೀತು. ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಮೀರಬಾರದು. ಅದಕ್ಕಿಂತ ತುಸು ಹೆಚ್ಚಿನ ಪ್ರಮಾಣವು ಹಲ್ಲು ಮೂಳೆಗಳನ್ನು ಕೆಡಿಸುವುದು ವರ್ಷಗಟ್ಟಲೆ ಕುಡಿದ ಮೇಲೆ, ಹಾಗಾಗಿ ಕೆಲವೇ ಗಂಟೆ ಆ ನೀರಿನಲ್ಲಿದ್ದ ಕೋಶವು ಏನೂ ಆಗದಂತೆ ಮಿಸುಕಾಡುತ್ತಲೇ ಇರಬಹುದು. ಅಲ್ಲಿಗೆ 1966ರಲ್ಲಿ ಬಂದ, ಲ್ಯಾಂಥನಮ್ ಫ್ಲೋರೈಡ್ ಹರಳಿನ ನಿರ್ಜೀವ ವಿದ್ಯುದ್ವಾರವೇ ಸಾಕು, ಅದು ಕೆಲವೇ ನಿಮಿಷಗಳಲ್ಲಿ ಲೆಕ್ಕ ಒಪ್ಪಿಸುತ್ತದೆ.