ಬೆದ್ದಲು ಹೊಲದಲ್ಲೂ ಹಕ್ಕಿ ಲೆಕ್ಕ ಬರೆಯಬಹುದು

ನಮ್ಮದು ಭದ್ರಾವತಿ ತಾಲ್ಲೂಕಿನಲ್ಲಿ ನಾಲೆ ನೀರು ಹತ್ತದ ದಿಬ್ಬದ ಬೆದ್ದಲು. ಮುಸುಕಿನ ಜೋಳ, ರಾಗಿ, ನಡುವೆ ಅಕ್ಕಡಿಗೆ ತೊಗರಿ, ಅವರೆ. ಹಕ್ಕಿ ನೋಡೋದು ಪೇಟೆಯವರ ಕೆಲಸ ಅಂತಲೇ ನಮ್ಮ ಕಡೆ ಮಾತು. ಭದ್ರಾವತಿ ನ್ಯೂ ಟೌನ್‌ನ ಹಳೇ ಮರಗಳ ಕೆಳಗೆ ಭಾನುವಾರ ಬೆಳಿಗ್ಗೆ ದುರ್ಬೀನು ಹಿಡಿದ ನಾಲ್ಕಾರು ಜನ ಒಮ್ಮೆ ಸಿಕ್ಕಿದ್ದರು. ಎಲ್ಲರ ಕೈಯಲ್ಲೂ ಪುಟ್ಟ ಪುಸ್ತಕ. "ಏನು ಬರೀತೀರಿ ಸ್ವಾಮಿ?" ಅಂತ ಕೇಳಿದೆ. ಅವರಿಂದ ತಿಳಿದದ್ದನ್ನು ಮೂರು ವರ್ಷದಿಂದ ಹೊಲದಲ್ಲಿ ಮಾಡುತ್ತಿದ್ದೇನೆ.

ಈ ಕೆಲಸ ಹೊಸದೇನಲ್ಲ. 1939-40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನ ಸುತ್ತಿ ಹಕ್ಕಿಗಳ ಸಮೀಕ್ಷೆ ಮಾಡಿದ್ದರು. ಆಮೇಲೆ ಬೆಂಗಳೂರು, ಮೈಸೂರಿನಲ್ಲಿ ಹಕ್ಕಿ ನೋಡುವವರ ಗುಂಪುಗಳು ಹುಟ್ಟಿದವು. ಜೊತೆಯಾಗಿ ನಡೆಯುವುದು, ಕಂಡದ್ದನ್ನು ಬರೆಯುವುದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುವುದು, ಇಷ್ಟೇ ಆ ಗುಂಪುಗಳ ಕೆಲಸ. ನಮ್ಮ ಜಿಲ್ಲೆಗೆ ಬರುವ ಇಂಥವರು ತುಂಗಾ ನದಿಯ ಮಂಡಗದ್ದೆಗೋ ಸೊರಬದ ಗುಡವಿಗೋ ಹೋಗುತ್ತಾರೆ. ಜೋಳದ ಹೊಲಕ್ಕೆ ಯಾರು ಬರುತ್ತಾರೆ? ಹಾಗಾಗಿ ಬೆದ್ದಲಿನ ಹಕ್ಕಿಗಳ ಲೆಕ್ಕ ನಾವೇ ಬರೆಯದಿದ್ದರೆ ಬರೆಯುವವರಿಲ್ಲ.

ಬರೆಯುವ ಕ್ರಮ ಸುಲಭ. ತಾರೀಖು, ಜಾಗ, ಶುರು ಮಾಡಿದ ಹೊತ್ತು, ನೋಡಿದ್ದು ಎಷ್ಟು ನಿಮಿಷ ಇಷ್ಟನ್ನು ಮೇಲೆ ಹಾಕಿ. ಕಾಲು ಗಂಟೆ ನೋಡಿದರೂ ಸಾಕು. ಕೆಳಗೆ ಕಂಡ ಹಕ್ಕಿ, ಎಷ್ಟು ಅಂತ. ಮುಖ್ಯ ಸಂಗತಿ ಒಂದಿದೆ: ಗುರುತು ಹತ್ತಿದ್ದನ್ನೆಲ್ಲ ಬರೆಯಬೇಕು, ಕಾಗೆ, ಗೊರವಂಕವನ್ನೂ ಬಿಡಬಾರದು. ಅಪರೂಪದ್ದನ್ನು ಮಾತ್ರ ಬರೆದರೆ ಅದು ಸುದ್ದಿಯಾಗುತ್ತದೆ, ಲೆಕ್ಕವಾಗುವುದಿಲ್ಲ. ನೂರು ಪಟ್ಟಿಗಳಲ್ಲಿ ನೀಲಕಂಠ ಇಪ್ಪತ್ತರಲ್ಲಿ ಇದ್ದದ್ದು ಹತ್ತು ವರ್ಷ ಕಳೆದ ಮೇಲೆ ಹತ್ತಕ್ಕೆ ಇಳಿಯಿತು ಅನ್ನಿ. ಆಗ ಹಕ್ಕಿ ಕಡಿಮೆಯಾಗಿದೆ ಅಂತ ಹೇಳಬಹುದು. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ನೀಲಕಂಠದ ಹೆಸರಿಲ್ಲ ಅಂದರೆ ಅದು ಕಾಣಲಿಲ್ಲ ಅಂತಲೇ ಅರ್ಥ. ಕಾಣದಿದ್ದದ್ದೂ ಲೆಕ್ಕಕ್ಕೆ ಬರುತ್ತದೆ.

ದೇಶದ ಹಕ್ಕಿಗಳ ಸ್ಥಿತಿ ಕುರಿತು 2023ರಲ್ಲಿ ಬಂದ ವರದಿ ಇಂಥ ಪಟ್ಟಿಗಳ ಮೇಲೇ ನಿಂತಿದೆ. ಸುಮಾರು 30,000 ಜನ ಬರೆದದ್ದನ್ನು ಕೂಡಿಸಿ 942 ಜಾತಿಗಳನ್ನು ಅದರಲ್ಲಿ ನೋಡಿದ್ದಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ, ನವಿಲು ಬಹಳ ಹೆಚ್ಚಿದೆ ಅಂತ ಅದು ಹೇಳುತ್ತದೆ.

ನವಿಲಿನ ಮಾತು ಬಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ! ಅದು 1963ರಿಂದ ರಾಷ್ಟ್ರಪಕ್ಷಿ, ಮುಟ್ಟುವ ಹಾಗಿಲ್ಲ. "ನವಿಲು ಜಾಸ್ತಿಯಾಗಿ ಬದುಕೋಕ್ಕಾಗ್ತಿಲ್ಲ" ಅಂತ ಬಾಯಲ್ಲಿ ಹೇಳಿದರೆ ಯಾವ ಕಛೇರಿಯೂ ಕೇಳುವುದಿಲ್ಲ. ತಾರೀಖು ಹಾಕಿದ ಪುಸ್ತಕ ಇದ್ದರೆ ಮಾತಿಗೆ ತೂಕ ಬರುತ್ತದೆ. ನನಗೆ ಇನ್ನೊಂದು ಪ್ರಯೋಜನವೂ ಆಯಿತು. ಬಿತ್ತನೆ ಆದ ಮೇಲೆ ದಿನಾ ಬರೆದು ನೋಡಿದರೆ, ನನ್ನ ಹೊಲದಲ್ಲಿ ಜೋಳದ ಮೊಳಕೆ ಕೀಳಲು ನವಿಲು ಬರುವುದು ಹೆಚ್ಚಾಗಿ ಬೆಳಕು ಹರಿಯುವಾಗ ಮತ್ತು ಸಂಜೆ ಐದರ ಮೇಲೆ. ಪೈರು ಗೇಣುದ್ದ ಆದ ಮೇಲೆ ಅದರ ಗೋಜಿಗೆ ಹೋಗುತ್ತಿರಲಿಲ್ಲ. ಈಗ ಆ ದಿನಗಳು, ಆ ಹೊತ್ತು ಮಾತ್ರ ಕಾಯುತ್ತೇವೆ. ದಿನವಿಡೀ ಒಂದಾಳು ಹೊಲದಲ್ಲಿ ಕೂರುವುದು ತಪ್ಪಿತು.

ತೊಗರಿಯಲ್ಲಿ ಇನ್ನೊಂದು ಕಂಡೆ. ಕಾಯಿಕೊರಕ ಬರುವ ಕಾಲಕ್ಕೆ ಅಲ್ಲಲ್ಲಿ ಕವಲು ಕಡ್ಡಿ ನೆಟ್ಟಿದ್ದೆ. ಕಡ್ಡಿ ಇದ್ದ ಕಡೆ ಕಾಜಾಣ ಬಂದು ಕೂತು ಹುಳ ಹಿಡಿಯುವುದನ್ನು ಬರೆದಿಟ್ಟಿದ್ದೇನೆ, ಇಲ್ಲದ ಕಡೆ ಅದು ಅಷ್ಟು ಕಂಡಿಲ್ಲ. "ಹಕ್ಕಿ ಲೆಕ್ಕ ಬರೆದ್ರೆ ರಾಗಿ ಬೆಳೀತದೇನಯ್ಯಾ?" ಅನ್ನುತ್ತಿದ್ದ ಪಕ್ಕದ ಹೊಲದ ಅಣ್ಣನೂ ಈ ಸಲ ಕಡ್ಡಿ ನೆಟ್ಟಿದ್ದಾನೆ. ಪುಸ್ತಕ ಮಾತ್ರ ಇನ್ನೂ ಹಿಡಿದಿಲ್ಲ.

ಹೆಸರಿನದ್ದೇ ಸ್ವಲ್ಪ ತೊಡಕು. ಬೆಳ್ಳಗಿದ್ದದ್ದೆಲ್ಲ ನಮಗೆ ಬೆಳ್ಳಕ್ಕಿ. ಆದರೆ ಅದರಲ್ಲೂ ಜಾತಿಗಳಿವೆ. ದನದ ಹಿಂದೆ ನಡೆಯುವ, ಮರಿ ಮಾಡುವ ಕಾಲಕ್ಕೆ ತಲೆ ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುವ ಬೆಳ್ಳಕ್ಕಿಯೇ ಬೇರೆ. ಗೊತ್ತಾಗದಿದ್ದರೆ ಊರ ಹೆಸರನ್ನೇ ಬರೆದು ಕೊಕ್ಕು, ಕಾಲು, ಬಾಲದ ಬಣ್ಣ ಪಕ್ಕದಲ್ಲಿ ಹಾಕಿ. ಊಹೆ ಮಾಡಿ ಬರೆಯುವುದಕ್ಕಿಂತ ಖಾಲಿ ಬಿಡುವುದು ಮೇಲು. ಗೂಡು ಎಲ್ಲಿದೆ ಅಂತ ಮಾತ್ರ ಹತ್ತು ಜನಕ್ಕೆ ಹೇಳಬೇಡಿ.

ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ದೇಶದಾದ್ಯಂತ ಹಕ್ಕಿ ಎಣಿಕೆ ನಡೆಯುತ್ತದೆ, ಯಾರು ಬೇಕಾದರೂ ಸೇರಬಹುದು. ಪಟ್ಟಿಯನ್ನು ಮೊಬೈಲಿನಲ್ಲಿ ಇ-ಬರ್ಡ್ ಅನ್ನುವುದಕ್ಕೆ ಹಾಕಬೇಕು. ನಮ್ಮಂಥವರಿಗೆ ಅದು ಕಷ್ಟವಾದರೆ ಮನೆಯಲ್ಲಿ ಓದುವ ಮಕ್ಕಳಿದ್ದಾರಲ್ಲ, ನಾವು ಪುಸ್ತಕ ನೋಡಿ ಓದಿದರೆ ಅವರು ಹಾಕುತ್ತಾರೆ. ನಮ್ಮ ಮನೆಯಲ್ಲಿ ಈಗ ಹಾಗೇ ನಡೆದಿದೆ.